ಕಮ್ಮಿ ರ‍್ಯಾಮ್ ಡಬ್ಬಾಗೆ ಕೆಡಂಪ್ ಬೇಕಾ, ನೆಟ್‌ಕನ್ಸೋಲ್ ಸಾಕಾ: ಬಳಸಿ ನೋಡಿ ಬರೆದ ರಿವ್ಯೂ

ಪೂರ್ತಿ ಓದೋಕೆ ಪುರುಸೊತ್ತಿಲ್ಲದೋರಿಗೆ ಮೊದ್ಲೇ ಹೇಳ್ಬಿಡ್ತೀನಿ. 2 ಜಿಬಿ, 4 ಜಿಬಿ ರ‍್ಯಾಮ್ ಇರೋ ಸಣ್ಣ ಲಿನಕ್ಸ್ ಡಬ್ಬಾ ದೊಡ್ಡ ದೊಡ್ಡ ಫೈಲ್ ಕಾಪಿ ಹಾಕೋವಾಗ ಸಾಯ್ತಿದ್ರೆ, ಕಾರಣ ಹುಡುಕೋಕೆ ನೆಟ್‌ಕನ್ಸೋಲ್‌ಗೆ (ಕರ್ನಲ್ ಸಂದೇಶಗಳನ್ನ ಇನ್ನೊಂದು ಮಷೀನಿಗೆ ಕಳ್ಸೋದು) ಐದಕ್ಕೆ ನಾಲ್ಕೂವರೆ ಸ್ಟಾರ್, ಕೀಬೋರ್ಡಲ್ಲೇ ಕೂತಿರೋ ಸಿಸ್‌ಆರ್‌ಕ್ಯೂಗೆ (ಕರ್ನಲ್‌ಗೆ ನೇರ ಹುಕುಂ ಕೊಡೋ ಕೀ) ಐದಕ್ಕೆ ಐದು, ಪಿಎಸ್‌ಐಗೆ (ಕೆಲಸಗಳು ಎಷ್ಟು ಹೊತ್ತು ಕಾಯ್ತಿವೆ ಅಂತ ಹೇಳೋ ಮೀಟರ್) ನಾಲ್ಕು, ಎಲ್ಲರೂ ಬಾಯ್ತುಂಬ ಹೊಗಳೋ ಕೆಡಂಪ್‌ಗೆ (ಕ್ರ್ಯಾಶ್ ಆದಾಗ ಮೆಮೊರೀನ ಫೈಲ್ ಮಾಡಿ ಇಡೋದು) ಎರಡೂವರೆ. ಎಲ್ಲವೂ ಫ್ರೀ, ಹೆಚ್ಚಿನವು ಲಿನಕ್ಸಿನ ತಿರುಳಾದ ಕರ್ನಲ್ ಜೊತೇಲೇ ಬರೋವು, ಹಾಗಾಗಿ ದುಡ್ಡಿಗೆ ಮೋಸ ಇಲ್ವಾ ಅನ್ನೋ ಪ್ರಶ್ನೆ ಬರಲ್ಲ. ಎಷ್ಟು ರಾತ್ರಿ ನಿದ್ದೆ ಕೆಡ್ಸತ್ತೆ, ಕೊನೆಗೆ ಏನು ಕೈಗೆ ಕೊಡತ್ತೆ ಅನ್ನೋದ್ರ ಮೇಲೇ ಈ ಸ್ಟಾರ್ ಎಲ್ಲ.

ಯಾವ ಮಷೀನ್ ಮೇಲೆ ನೋಡಿದ್ದು ಅಂತ ಹೇಳ್ದೇ ಸ್ಟಾರ್ ಕೊಟ್ರೆ ಅರ್ಥ ಇಲ್ಲ, ಅದನ್ನೂ ಹೇಳ್ತೀನಿ. ದಾವಣಗೆರೇಲಿ ನಮ್ಮ ಪರಿಚಯದೋರದ್ದೊಂದು ಫೋಟೋ ಸ್ಟುಡಿಯೋ, ಮದುವೆ ಸೀಸನ್ನಲ್ಲಿ ಒಂದೊಂದು ಆರ್ಡರ್‌ಗೂ 128 ಜಿಬಿ ಕಾರ್ಡ್ ತುಂಬಿ ಬರತ್ತೆ, ಅದನ್ನೆಲ್ಲ ಒಂದು ಸಾಂಬಾ ಶೇರ್‌ಗೆ (ನೆಟ್‌ವರ್ಕಲ್ಲಿ ಎಲ್ಲರೂ ಬಳಸೋ ಫೋಲ್ಡರ್) ಸುರೀತಾರೆ. ಆ ಶೇರ್ ಇರೋದು ಫ್ಯಾನ್ ಇಲ್ಲದ ಪುಟಾಣಿ ಪಿಸಿ ಮೇಲೆ, ರ‍್ಯಾಮ್ 2 ಜಿಬಿ, ಅದೂ ಬೋರ್ಡಿಗೇ ಬೆಸುಗೆ ಹಾಕಿರೋದು, ಜಾಸ್ತಿ ಮಾಡೋ ಮಾತೇ ಇಲ್ಲ. ಒಳಗೆ ಎರಡೂವರೆ ಇಂಚಿಂದು ಒಂದೇ ಒಂದು 2 ಟಿಬಿ ಹಾರ್ಡ್ ಡಿಸ್ಕ್, ಓಎಸ್ಸೂ ಅದರಲ್ಲೇ, ಮದುವೆ ಫೋಟೋನೂ ಅದರಲ್ಲೇ. ಬ್ರ್ಯಾಂಡ್ ಯಾವ್ದು ಅಂತ ಕೇಳ್ಬೇಡಿ, ಹೇಳಲ್ಲ, ಇದೇ ತರದ ಡಬ್ಬಾ ಹತ್ತು ಹೆಸರಲ್ಲಿ ಸಿಗತ್ತೆ. ಸ್ಟುಡಿಯೋ ಹುಡುಗ ಫೋನಲ್ಲಿ ಹೇಳಿದ್ದು ಇಷ್ಟೇ: "ಅಣ್ಣಾ, ದೊಡ್ಡ ಕಾಪಿ ಹಚ್ಚಿದ್ರೆ ಅರ್ಧಕ್ಕೆ ಬಂದಾಗ ತಾನೇ ಆಫ್ ಆಗಿ ತಾನೇ ಆನ್ ಆಗ್ತೈತೆ, ಸಣ್ಣ ಫೈಲಿಗೆ ಏನೂ ಆಗಂಗಿಲ್ಲ." ಮಾರಿದ ಅಂಗಡಿಯೋರು ನೋಡ್ದೇನೇ ರ‍್ಯಾಮ್ ಹೋಗಿದೆ, ಬೋರ್ಡ್ ಬದಲಾಯಿಸ್ಬೇಕು ಅಂದಿದ್ರು. ಮೆಮ್‌ಟೆಸ್ಟ್ ಇಡೀ ರಾತ್ರಿ ಓಡ್ಸಿದ್ರೆ ಒಂದು ಎರರ್ ಇಲ್ಲ, ಡಿಸ್ಕಿನ ಆರೋಗ್ಯ ಹೇಳೋ ಸ್ಮಾರ್ಟ್ ರಿಪೋರ್ಟ್ ಕ್ಲೀನ್, ಅಡಾಪ್ಟರ್ ಬದಲಾಯಿಸಿದ್ರೂ ಅದೇ ಕಥೆ. ಜರ್ನಲ್ (ಸಿಸ್ಟಮ್ ಲಾಗ್) ತೆಗೆದು ನೋಡಿದ್ರೆ ಕಾಪಿ ಶುರುವಾಗೋವರ್ಗೂ ಇದೆ, ಅದಾದ್ಮೇಲೆ ನೇರ ಹೊಸ ಬೂಟು, ನಡುವೆ ಒಂದು ಸಾಲೂ ಇಲ್ಲ.

ಈ ಖಾಲಿ ಜಾಗನೇ ಮೊದಲ ಸುಳಿವು. ಲಾಗ್ ಬರೆಯೋದೂ ಅದೇ ಡಿಸ್ಕಿಗೆ, ಆ ಡಿಸ್ಕೇ ಬರೆಯೋ ಸ್ಥಿತೀಲಿ ಇಲ್ಲ ಅಂದ್ರೆ ಕೊನೆಯ ಮಾತು ರ‍್ಯಾಮಲ್ಲೇ ಉಳಿದು ಅದರ ಜೊತೇನೇ ಹೋಗತ್ತೆ. ಜನ ಕ್ರ್ಯಾಶ್ ಅಂತ ಕರೆಯೋದ್ರಲ್ಲಿ ಕನಿಷ್ಠ ಮೂರು ಬೇರೆ ಬೇರೆ ಕಾಯಿಲೆ ಇರತ್ತೆ. ಕರ್ನಲ್ಲೇ ಇನ್ನಾಗಲ್ಲ ಅಂತ ಕೈಚೆಲ್ಲೋ ಪ್ಯಾನಿಕ್ ಒಂದು. ರ‍್ಯಾಮ್ ಸಾಲದೆ ಓಓಎಂ ಕಿಲ್ಲರ್ ಬಂದು ಯಾವುದೋ ಪ್ರೋಗ್ರಾಮನ್ನ ಕೊಲ್ಲೋದು ಇನ್ನೊಂದು (ಪ್ರೋಗ್ರಾಮನ್ನ ಕಂಟೇನರ್ ಅನ್ನೋ ಬೇರೆ ಗೂಡಲ್ಲಿ ಓಡ್ಸೋ ಡಾಕರ್ ಬಳಸೋರಿಗೆ ಎಕ್ಸಿಟ್ ಕೋಡ್ 137 ಅಂತ ಕಾಣೋದು ಬಹಳ ಸಲ ಇದೇ, 128ಕ್ಕೆ ಸಿಗ್ನಲ್ 9 ಸೇರ್ಸಿದ್ದು). ಮೂರನೇದು ಮಷೀನ್ ಸತ್ತಿರಲ್ಲ, ಉಸಿರು ಬಿಗಿಹಿಡ್ಕೊಂಡು ಕೂತಿರತ್ತೆ, ಯಾರೋ ಹೊರಗಿನೋರು ಬಂದು ರೀಸೆಟ್ ಒತ್ತುತ್ತಾರೆ. ಯಾವ ಕಾಯಿಲೆ ಅಂತ ಗೊತ್ತಾಗದೆ ಔಷಧಿ ಹುಡುಕೋದ್ರಲ್ಲೇ ಜನರ ಅರ್ಧ ವಾರ ಹೋಗತ್ತೆ.

ಮೊದ್ಲು ಕೆಡಂಪ್. ಇದರ ಐಡಿಯಾ ಚೆನ್ನಾಗಿದೆ, ಅದಕ್ಕೆ ಎರಡು ಮಾತಿಲ್ಲ. ಬೂಟ್ ಆಗೋವಾಗ್ಲೇ ರ‍್ಯಾಮಲ್ಲಿ ಒಂದು ಮೂಲೆ ಮೀಸಲಿಟ್ಟು ಅಲ್ಲಿ ಎರಡನೇ ಕರ್ನಲ್ ಒಂದನ್ನ ಮಲಗ್ಸಿರತ್ತೆ, ಮೊದಲ್ನೇದು ಪ್ಯಾನಿಕ್ ಆದ ತಕ್ಷಣ ಕೆಎಕ್ಸೆಕ್ (ಒಂದು ಕರ್ನಲ್ಲಿಂದ ನೇರ ಇನ್ನೊಂದಕ್ಕೆ ಜಿಗಿಯೋ ದಾರಿ) ಮೂಲಕ ಎರಡನೇದು ಎದ್ದು ಸತ್ತವನ ಮೆಮೊರೀನೆಲ್ಲ ಫೈಲ್ ಮಾಡಿ ವಾರ್ ಕ್ರ್ಯಾಶ್ ಫೋಲ್ಡರ್‌ಗೆ ಬರೀತದೆ. ಆ ಮೀಸಲು ಜಾಗ ಇದೆಯಲ್ಲ, ಅದನ್ನ ಬೇರೆ ಯಾರೂ ಮುಟ್ಟೋ ಹಾಗಿಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರ ಡೀಫಾಲ್ಟ್ ಲೆಕ್ಕ ನೋಡಿ, 1ರಿಂದ 4 ಜಿಬಿ ಇರೋ ಮಷೀನಿಗೆ 192 ಎಂಬಿ, 4ರಿಂದ 64 ಜಿಬಿಗೆ 256 ಎಂಬಿ. 32 ಜಿಬಿ ಸರ್ವರ್‌ಗೆ 256 ಎಂಬಿ ಅಂದ್ರೆ ಲೆಕ್ಕಕ್ಕೇ ಇಲ್ಲ, 2 ಜಿಬಿ ಡಬ್ಬಾಗೆ 192 ಎಂಬಿ ಅಂದ್ರೆ ಹತ್ತಿರ ಹತ್ತಿರ ಹತ್ತರಲ್ಲಿ ಒಂದು ಪಾಲು ಹೋಯ್ತು. ರ‍್ಯಾಮ್ ಸಾಲ್ತಿಲ್ಲ ಅನ್ನೋ ಕಂಪ್ಲೇಂಟಿಗೆ ಬಂದ ಡಾಕ್ಟ್ರು ಮೊದ್ಲು ಫೀಸಾಗಿ ರ‍್ಯಾಮನ್ನೇ ಕೇಳ್ತಾರೆ! ಉಬುಂಟು ಕೂಡ 24.10ರಿಂದ ಇದನ್ನ ಡೀಫಾಲ್ಟಾಗಿ ಆನ್ ಮಾಡೋದು ಕನಿಷ್ಠ 6 ಜಿಬಿ ರ‍್ಯಾಮ್ ಇರೋ ಮಷೀನ್‌ಗಳಲ್ಲಿ ಮಾತ್ರ, ಅವರಿಗೂ ಗೊತ್ತು.

ಸರಿ, ಆದ್ರೂ ಹಾಕ್ದೆ. ಟೆಸ್ಟ್ ಮಾಡೋಕೆ ಸಿಸ್‌ಆರ್‌ಕ್ಯೂ ಟ್ರಿಗರ್ ಫೈಲಿಗೆ ಒಂದು ಸಿ ಅಕ್ಷರ ಎಕೋ ಮಾಡಿದ್ರೆ ಬೇಕೂಂತಲೇ ಪ್ಯಾನಿಕ್ ಆಗತ್ತೆ, ಡಂಪ್ ನೀಟಾಗಿ ಬಂತು. ಆಮೇಲೆ ಅಸಲಿ ಕಾಪಿ ಹಚ್ಚಿದ್ವಿ, ಮಷೀನ್ ಎಂದಿನಂತೆ ರೀಬೂಟ್ ಆಯ್ತು (ಮೊದ್ಲಿಗಿಂತ ಬೇಗನೇ ಆಯ್ತು ಅನ್ನಿ, 192 ಎಂಬಿ ಕಮ್ಮಿ ಆಗಿತ್ತಲ್ಲ), ಫೋಲ್ಡರ್ ತೆಗೆದ್ರೆ ಖಾಲಿ. ಇದರ ಅರ್ಥ ಏನಂದ್ರೆ ಪ್ಯಾನಿಕ್ ಆಗ್ತಾನೇ ಇಲ್ಲ. ಕೆಡಂಪ್ ಎದ್ದೇಳೋದು ಪ್ಯಾನಿಕ್ ಅನ್ನೋ ಕೂಗಿಗೆ ಮಾತ್ರ, ಹಾರ್ಡ್‌ವೇರೇ ಪಟ್ ಅಂತ ರೀಸೆಟ್ ಮಾಡಿದ್ರೆ ಅದು ಮಲಗಿದ್ದ ಹಾಗೇ ಹೋಗತ್ತೆ. ಹಾಗಾಗಿ ಖಾಲಿ ಫೋಲ್ಡರ್ ಕೂಡ ಒಂದು ಉತ್ತರನೇ, ಎರಡೂವರೆ ಸ್ಟಾರಲ್ಲಿ ಆ ಅರ್ಧ ಇದಕ್ಕೇ ಕೊಟ್ಟಿದ್ದು.

ಪಿಸ್ಟೋರ್ ಬಗ್ಗೆ ಎರಡು ಸಾಲು. ಪ್ಯಾನಿಕ್ ಆದಾಗ ಡಿಮೆಸೇಜಿನ (ಕರ್ನಲ್ ಲಾಗಿನ) ಬಾಲವನ್ನ ಯುಇಎಫ್‌ಐ (ಬೋರ್ಡಿನ ಫರ್ಮ್‌ವೇರ್) ಜಾಗದಲ್ಲಿ ಚೂರು ಚೂರಾಗಿ ಇಟ್ಟು, ಮುಂದಿನ ಬೂಟಲ್ಲಿ ತೆಗೆದು ಕೊಡತ್ತೆ, ರ‍್ಯಾಮ್ ತಿನ್ನಲ್ಲ, ಡಿಸ್ಕ್ ಮುಟ್ಟಲ್ಲ. ಪ್ಯಾನಿಕ್ ಇರೋ ಕೇಸಿಗೆ ಸಣ್ಣ ಮಷೀನಲ್ಲಿ ಕೆಡಂಪ್‌ಗಿಂತ ಇದೇ ವಾಸಿ. ನಮ್ಮ ಕೇಸಲ್ಲಿ ಪ್ಯಾನಿಕ್ಕೇ ಇಲ್ಲ, ಇದೂ ಖಾಲಿ.

ಈಗ ನೆಟ್‌ಕನ್ಸೋಲ್, ನನ್ನ ಫೇವರಿಟ್. ಕರ್ನಲ್ ಬಾಯಿಗೆ ಬಂದಿದ್ದನ್ನೆಲ್ಲ ಯುಡಿಪಿ ಪ್ಯಾಕೆಟ್ ಮಾಡಿ ನೆಟ್‌ವರ್ಕಲ್ಲಿರೋ ಇನ್ನೊಂದು ಮಷೀನಿಗೆ ಎಸೀತದೆ. ಡಿಸ್ಕ್ ಬೇಡ, ಜರ್ನಲ್ ಬೇಡ, ಯಾವ ಪ್ರೋಗ್ರಾಮೂ ಬದುಕಿರಬೇಕಿಲ್ಲ. ಆ ಕಡೆ ಹಳೇ ಲ್ಯಾಪ್‌ಟಾಪಲ್ಲಿ ನೆಟ್‌ಕ್ಯಾಟ್ ಹಾಕಿ 6666 ಪೋರ್ಟಲ್ಲಿ ಕಿವಿಗೊಟ್ಟು ಕೂತ್ರೆ ಸಾಕು. ಸೆಟಪ್ ಮಾಡೋಕೆ ಒಂದೇ ಸಾಲು, ಈ ಕಡೆ ಐಪಿ, ಆ ಕಡೆ ಐಪಿ, ಆ ಕಡೆಯ ಮ್ಯಾಕ್ ಅಡ್ರೆಸ್. ಅರ್ಧ ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ ವೈಫೈ ನೆಚ್ಚಿಕೊಂಡ್ರೆ ಆಗಲ್ಲ, ಕೇಬಲ್ ಎಳೀಲೇಬೇಕು, ಜೊತೆಗೆ ಯುಡಿಪಿ ಆಗಿರೋದ್ರಿಂದ ನಡುವೆ ಒಂದೆರಡು ಸಾಲು ಕಳೆದೋದ್ರೆ ಕಳೆದೋಯ್ತು, ಯಾರೂ ಮತ್ತೆ ಕಳ್ಸಲ್ಲ. ಇನ್ನೊಂದು, ಡಿಮೆಸೇಜ್ ಲೆವೆಲ್ಲನ್ನ 8ಕ್ಕೆ ಏರ್ಸಿ. ಬೂಟ್ ಸಾಲಲ್ಲಿ ಕ್ವಯಟ್ ಅಂತ ಇದ್ರೆ ಎರರ್ ಸಾಲು ಮಾತ್ರ ಬಂದು ಅದರ ಕೆಳಗಿನ ಸ್ಟ್ಯಾಕ್ ಟ್ರೇಸ್ (ಟಾಸ್ಕ್ ಯಾವ ಯಾವ ಫಂಕ್ಷನ್ ದಾಟಿ ಎಲ್ಲಿ ನಿಂತಿದೆ ಅನ್ನೋ ಪಟ್ಟಿ) ಬರಲ್ಲ, ಬೇಕಾಗಿರೋದೇ ಆ ಟ್ರೇಸು.

ಇದನ್ನೆಲ್ಲ ಹಾಕಿ ಕಾಪಿ ಹಚ್ಚಿದ್ರೆ ಲ್ಯಾಪ್‌ಟಾಪಲ್ಲಿ ಪಿನ್ ಡ್ರಾಪ್ ಸೈಲೆನ್ಸು, ಆಮೇಲೆ ರೀಬೂಟಿನ ಮೊದಲ ಸಾಲು. ಇಲ್ಲೇ ಬಹಳ ಜನ ನೆಟ್‌ಕನ್ಸೋಲೂ ವೇಸ್ಟು ಅಂತ ಎದ್ದು ಹೋಗೋದು. ಸ್ವಲ್ಪ ತಡೀರಿ. ಕರ್ನಲ್ಲಲ್ಲಿ ಹಂಗ್ ಟಾಸ್ಕ್ ಅಂತ ಒಬ್ಬ ಕಾವಲುಗಾರ ಇದಾನೆ, ಯಾವುದಾದ್ರೂ ಟಾಸ್ಕ್ ಡಿ ಸ್ಥಿತೀಲಿ (ಹೆಚ್ಚಾಗಿ ಡಿಸ್ಕಿಗೆ ಕಾಯ್ತಾ, ಎಬ್ಬಿಸೋಕೂ ಆಗದ ಸ್ಥಿತಿ) 120 ಸೆಕೆಂಡ್‌ಗಿಂತ ಜಾಸ್ತಿ ಸಿಕ್ಕಾಕ್ಕೊಂಡ್ರೆ ಆಗ ಬಾಯಿ ಬಿಡ್ತಾನೆ. ಡೀಫಾಲ್ಟೇ 120. ಈ ಡಬ್ಬಾದ ಸಿಸ್ಟಮ್‌ಡಿ (ಬೂಟಲ್ಲಿ ಮೊದ್ಲು ಎದ್ದು ಉಳಿದ ಸರ್ವೀಸೆಲ್ಲ ನೋಡ್ಕೊಳ್ಳೋ ಪ್ರೋಗ್ರಾಮ್) ಸೆಟ್ಟಿಂಗ್ ತೆಗೆದು ನೋಡಿದ್ರೆ ಮಾರಿದೋರು ರನ್‌ಟೈಮ್ ವಾಚ್‌ಡಾಗ್ ಅನ್ನೋದನ್ನ 30 ಸೆಕೆಂಡಿಗೆ ಆನ್ ಮಾಡಿ ಕಳ್ಸಿದ್ರು, ಅಂದ್ರೆ ಪಿಐಡಿ 1 (ಇದೇ ಸಿಸ್ಟಮ್‌ಡಿ) ಅರ್ಧ ನಿಮಿಷ ವಾಚ್‌ಡಾಗ್ ಚಿಪ್ಪಿಗೆ ನಾನಿದೀನಿ ಅಂತ ಹೇಳ್ದೇ ಇದ್ರೆ ಚಿಪ್ಪು ಪವರ್ ರೀಸೆಟ್ ಹೊಡೆಯತ್ತೆ. ಕಾವಲುಗಾರ ಬಾಯಿ ಬಿಡೋಕೆ 120 ಬೇಕು, ಕತ್ತಿ ಬೀಳೋದು 30ಕ್ಕೆ. ಎಲ್ಲಿಂದ ಸುದ್ದಿ ಬರ್ಬೇಕು? ಹಂಗ್ ಟಾಸ್ಕ್ ಟೈಮೌಟನ್ನ 10ಕ್ಕೆ ಇಳಿಸ್ದೆ, ಮತ್ತೆ ಕಾಪಿ. ಈಗ ಬಂತು ನೋಡಿ ಮಳೆ: ಜೆಬಿಡಿ2 (ಫೈಲ್‌ಸಿಸ್ಟಮ್ ಜರ್ನಲ್ ಬರೆಯೋನು) ಬ್ಲಾಕ್ಡ್, ಅದರ ಹಿಂದೆ ಎಸ್‌ಎಂಬಿಡಿ (ಸಾಂಬಾ) ಬ್ಲಾಕ್ಡ್, ಅದರ ಹಿಂದೆ ಕೆವರ್ಕರ್ ಫ್ಲಶ್ (ಮೆಮೊರಿಯಿಂದ ಡಿಸ್ಕಿಗೆ ಸುರಿಯೋನು). ಮೂರರ ಸ್ಟ್ಯಾಕೂ ಒಂದೇ ಕಡೆ ಬೆರಳು ತೋರ್ಸ್ತಿತ್ತು, ಡಿಸ್ಕ್ ಉತ್ತರ ಕೊಡ್ತಿಲ್ಲ, ಎಲ್ಲರೂ ಕ್ಯೂನಲ್ಲಿ.

ಆದ್ರೆ ವಾಚ್‌ಡಾಗಿಗೆ ಹೇಳ್ಬೇಕಾಗಿದ್ದ ಸಿಸ್ಟಮ್‌ಡಿ ಯಾಕೆ ಸುಮ್ನಾಯ್ತು, ಅದೇನು ಫೈಲ್ ಬರೀತಿರಲಿಲ್ವಲ್ಲ? ಇದಕ್ಕೆ ಉತ್ತರ ಸಿಕ್ಕಿದ್ದು ಸಿಸ್‌ಆರ್‌ಕ್ಯೂಯಿಂದ. ಆಲ್ಟ್, ಸಿಸ್‌ಆರ್‌ಕ್ಯೂ, ಡಬ್ಲ್ಯೂ ಒಟ್ಟಿಗೆ ಒತ್ತಿದ್ರೆ ಆ ಕ್ಷಣ ಸಿಕ್ಕಾಕ್ಕೊಂಡಿರೋ ಎಲ್ಲ ಟಾಸ್ಕುಗಳ ಸ್ಟ್ಯಾಕನ್ನ ಕರ್ನಲ್ ಕಕ್ಕತ್ತೆ, ಎಸ್‌ಎಸ್‌ಎಚ್ ಸತ್ತಿದ್ರೂ, ಶೆಲ್ ಸತ್ತಿದ್ರೂ, ಮೌಸ್ ಅಲ್ಲಾಡದಿದ್ರೂ. (ಈ ಕೀ ಏನೇನು ಮಾಡ್ಬೋದು ಅನ್ನೋ ಸೆಟ್ಟಿಂಗ್ ಉಬುಂಟುನಲ್ಲಿ ಡೀಫಾಲ್ಟ್ 176, ಅದರಲ್ಲಿ ಈ ಡಂಪ್ ಬಿಟ್ ಇಲ್ಲ, ಮೊದ್ಲೇ 1 ಅಂತ ಬರೆದಿಡಿ.) ನಾನು ಬೆಂಗಳೂರಲ್ಲಿ, ಹುಡುಗ ಅಲ್ಲಿ, ಫೋನ್ ಸ್ಪೀಕರಲ್ಲಿ. "ಈಗ ಒತ್ತಪ್ಪ, ಮೂರೂ ಒಟ್ಟಿಗೆ." "ಒತ್ತೀನಣ್ಣ, ಸ್ಕ್ರೀನಲ್ಲಿ ಏನೂ ಬರವಲ್ದು." ಅವನ ಸ್ಕ್ರೀನಲ್ಲಿ ಬರಲ್ಲ, ಪಕ್ಕದ ಲ್ಯಾಪ್‌ಟಾಪಲ್ಲಿ ಬರತ್ತೆ, ಅದನ್ನ ಫೋಟೋ ಹೊಡ್ದು ಕಳ್ಸಿದ (ಸ್ಟುಡಿಯೋ ಹುಡುಗ ಅಲ್ವಾ, ಫೋಕಸ್ ಸಕತ್ತಾಗಿತ್ತು). ಲಿಸ್ಟಲ್ಲಿ ಸಿಸ್ಟಮ್‌ಡಿ, ಪಿಐಡಿ 1, ಅದರ ಕೆಳಗೆ ಪೇಜ್ ಫಾಲ್ಟ್ (ಬೇಕಾದ ಪೇಜ್, ಅಂದ್ರೆ ಮೆಮೊರಿಯ ತುಂಡು, ಸಿಗ್ತಿಲ್ಲ ಅಂತ), ಅದರ ಕೆಳಗೆ ಫೈಲ್‌ಮ್ಯಾಪ್ ಫಾಲ್ಟ್, ಪೇಜ್ ಲಾಕಿಗೆ ಕಾಯ್ತಾ ಇದೆ.

ಎಲ್ಲ ಬಿಡಿಸಿಕೊಂಡಿದ್ದು ಇಲ್ಲೇ. ಕಮ್ಮಿ ರ‍್ಯಾಮಲ್ಲಿ ಕಾಪಿಯ ಪೇಜುಗಳು ತುಂಬ್ಕೊಳ್ತಾ ಹೋದ ಹಾಗೆ ಕರ್ನಲ್ ಜಾಗ ಮಾಡೋಕೆ ಸುಲಭಕ್ಕೆ ಸಿಗೋದನ್ನ ಆಚೆ ಹಾಕತ್ತೆ. ಇನ್ನೂ ಡಿಸ್ಕಿಗೆ ಬರೆಯದ ಡರ್ಟಿ ಪೇಜನ್ನ ಬಿಸಾಕೋ ಹಾಗಿಲ್ಲ, ಡೇಟಾ ಹೋಗತ್ತೆ. ಸುಲಭಕ್ಕೆ ಸಿಗೋದು ಯಾವ್ದು? ಓಡ್ತಿರೋ ಪ್ರೋಗ್ರಾಮುಗಳ ಕೋಡ್ ಪೇಜುಗಳು, ಸಿಸ್ಟಮ್‌ಡಿದೂ ಸೇರಿ, ಹೇಗಿದ್ರೂ ಡಿಸ್ಕಲ್ಲಿ ಕಾಪಿ ಇದೆಯಲ್ಲ, ಬೇಕಾದಾಗ ಓದ್ಕೊಂಡ್ರಾಯ್ತು ಅಂತ. ಸಿಸ್ಟಮ್‌ಡಿ ವಾಚ್‌ಡಾಗಿಗೆ ಹೇಳೋಕೆ ಎದ್ರೆ ಅದರ ಕೋಡೇ ರ‍್ಯಾಮಲ್ಲಿಲ್ಲ, ಓದೋಕೆ ಡಿಸ್ಕಿಗೆ ಹೋಗ್ಬೇಕು, ಡಿಸ್ಕ್ ಬರೆಯೋದ್ರಲ್ಲಿ ಮುಳುಗಿದೆ. ಒಂದೇ ಬಾಗಿಲಿನ ಕಲ್ಯಾಣ ಮಂಟಪದಲ್ಲಿ ಊಟಕ್ಕೆ ನುಗ್ಗೋರೂ ಕೈ ತೊಳೆಯೋಕೆ ಹೊರಡೋರೂ ಬಾಗಿಲಲ್ಲೇ ಸಿಕ್ಕಾಕ್ಕೊಂಡ ಹಾಗೆ. ಮೂವತ್ತು ಸೆಕೆಂಡ್ ಆಯ್ತು, ಚಿಪ್ಪು ರೀಸೆಟ್ ಹೊಡೀತು. ರ‍್ಯಾಮ್ ಹಾಳಾಗಿಲ್ಲ, ಬೋರ್ಡ್ ಹಾಳಾಗಿಲ್ಲ, ಕರ್ನಲ್ ಕೂಡ ಕ್ರ್ಯಾಶ್ ಆಗಿಲ್ಲ.

ಲೆಕ್ಕನೂ ಕೂಡಿ ಬರತ್ತೆ, ನನಗೆ ಖುಷಿ ಆಗಿದ್ದು ಅದೇ. ಡರ್ಟಿ ರೇಶಿಯೋ (ಡರ್ಟಿ ಪೇಜು ಇಷ್ಟಾದ್ರೆ ಬರೆಯೋರನ್ನ ತಡೆಯೋ ಮಿತಿ) ಡೀಫಾಲ್ಟ್ 20, ಬ್ಯಾಕ್‌ಗ್ರೌಂಡ್ ರೇಶಿಯೋ (ಹಿನ್ನೆಲೇಲಿ ಡಿಸ್ಕಿಗೆ ಬರೆಯೋಕೆ ಶುರು ಮಾಡೋ ಮಿತಿ) 10, ಇವೆರಡೂ ಒಟ್ಟು ರ‍್ಯಾಮಿನ ಶೇಕಡಾ ಅಂತ ಜನ ಅನ್ಕೋತಾರೆ, ಅಲ್ಲ, ಖಾಲಿ ಇರೋದು ಮತ್ತೆ ಬಿಡಿಸ್ಕೊಳ್ಳೋಕೆ ಆಗೋದು ಸೇರಿದ ಮೊತ್ತದ ಶೇಕಡಾ. 2 ಜಿಬಿ ಡಬ್ಬಾದಲ್ಲಿ ಅದು ಸುಮಾರು 1.25 ಜಿಬಿ ಅಂದ್ಕೊಳ್ಳಿ, ಅದರ 20 ಪರ್ಸೆಂಟ್ 250 ಎಂಬಿ. ಈ ಡಿಸ್ಕ್ ಖಾಲಿ ಇದ್ದಾಗ ನೂರರ ಸ್ಪೀಡಲ್ಲಿ ಬರೆದ್ರೂ ಒತ್ತಡ ಬಿದ್ಮೇಲೆ ಸೆಕೆಂಡಿಗೆ 6 ಎಂಬಿ ಆಸುಪಾಸಿಗೆ ಬಿದ್ದು ಹೋಗ್ತಿತ್ತು, ಅಂದ್ರೆ 250 ಎಂಬಿ ಖಾಲಿಯಾಗೋಕೆ ನಲವತ್ತು ಸೆಕೆಂಡ್ ದಾಟತ್ತೆ. 120 ಮುಟ್ಟಲ್ಲ, ಕಾವಲುಗಾರ ಮಾತಾಡಲ್ಲ, 30 ದಾಟತ್ತೆ, ರೀಸೆಟ್ ಬೀಳತ್ತೆ. ಸಣ್ಣ ಫೈಲಿಗೆ ಏನೂ ಆಗಂಗಿಲ್ಲ ಅಂತ ಹುಡುಗ ಹೇಳಿದ್ನಲ್ಲ, ಸಣ್ಣ ಫೈಲ್ 250 ಎಂಬಿ ತನಕ ಗುಡ್ಡೆ ಹಾಕೋದೇ ಇಲ್ಲ.

ಹಾರ್ಡ್ ಡಿಸ್ಕ್ 6ಕ್ಕೆ ಬೀಳೋದು ಯಾಕಂದ್ರೆ ಎಸ್‌ಎಂಆರ್. ಟ್ರ್ಯಾಕುಗಳನ್ನ ಮನೆ ಹಂಚಿನ ಹಾಗೆ ಒಂದರ ಮೇಲೊಂದು ಹತ್ತಿಸಿರ್ತಾರೆ, ಒಂದನ್ನ ತಿದ್ದೋಕೆ ಪಕ್ಕದ್ದನ್ನೆಲ್ಲ ಮತ್ತೆ ಬರೀಬೇಕು, ಡ್ರೈವ್ ಒಳಗಿನ ಸಣ್ಣ ಕ್ಯಾಶ್ ಜಾಗ ತುಂಬೋವರ್ಗೂ ಗೊತ್ತಾಗಲ್ಲ, ತುಂಬಿದ್ಮೇಲೆ ಬಣ್ಣ ಬಯಲಾಗತ್ತೆ. ದೊಡ್ಡ ಸೈಜಿನ ಎರಡೂವರೆ ಇಂಚಿನ ಡ್ರೈವ್‌ಗಳಲ್ಲಿ ಇದು ಮಾಮೂಲು, ಡಬ್ಬದ ಮೇಲೆ ಯಾರೂ ದಪ್ಪಕ್ಷರದಲ್ಲಿ ಬರೆದಿರಲ್ಲ. ತಿರುಗೋ ಹಾರ್ಡ್ ಡಿಸ್ಕ್ ಆಗಿದ್ದೂ ಎಚ್‌ಡಿಪಾರ್ಮ್ (ಡಿಸ್ಕಿನ ವಿವರ ತೋರ್ಸೋ ಕಮಾಂಡ್) ರಿಪೋರ್ಟಲ್ಲಿ ಟ್ರಿಮ್ (ಸಾಮಾನ್ಯವಾಗಿ ಎಸ್‌ಎಸ್‌ಡಿಗೆ ಇರೋ ಸೌಲಭ್ಯ) ಸಪೋರ್ಟ್ ಇದೆ ಅಂತ ಬಂದ್ರೆ ಅನುಮಾನ ಪಡಿ. ಎಸ್‌ಎಸ್‌ಡಿ ಇರೋರು ನಮಗಿಲ್ಲ ಈ ಕಾಟ ಅಂತ ನಗ್ಬೇಡಿ, ಕಡಿಮೆ ರೇಟಿನ ಕ್ಯೂಎಲ್‌ಸಿ (ಒಂದು ಸೆಲ್ಲಲ್ಲಿ ನಾಲ್ಕು ಬಿಟ್ ತುಂಬೋ) ಡ್ರೈವಲ್ಲೂ ಎಸ್‌ಎಲ್‌ಸಿ ಅನ್ನೋ ವೇಗದ ಕ್ಯಾಶ್ ಮುಗಿದ್ಮೇಲೆ ಸ್ಪೀಡ್ ಪಾತಾಳಕ್ಕೆ ಹೋಗತ್ತೆ. ಎನ್‌ವಿಎಂಇ ಎಸ್‌ಎಸ್‌ಡಿಗಳಲ್ಲಿ ಇನ್ನೊಂದು ವಿಶೇಷ, ಕಂಟ್ರೋಲರ್ ಈಸ್ ಡೌನ್ ವಿಲ್ ರೀಸೆಟ್ ಅಂತ ಒಂದು ಸಾಲು ಬಂದು ಡ್ರೈವೇ ಮಾಯ ಆಗೋದುಂಟು, ಬಹಳ ಸಲ ಪವರ್ ಸೇವಿಂಗ್ ಸೆಟ್ಟಿಂಗ್ ತಪ್ಪು ಅದು. ಓಎಸ್ ಇರೋ ಡ್ರೈವೇ ಹೋದ್ರೆ ಆ ಸಾಲನ್ನ ಜರ್ನಲ್ ಎಲ್ಲಿ ಬರೀತದೆ ಪಾಪ, ಅದನ್ನೂ ಹಿಡಿಯೋದು ನೆಟ್‌ಕನ್ಸೋಲೇ.

ಪಿಎಸ್‌ಐಗೆ ಬರೋಣ. 2018ರ ಕೊನೇಲಿ ಬಂದ 4.20 ಕರ್ನಲ್ಲಿಂದ ಇದೆ, ಫೇಸ್‌ಬುಕ್ ಕಡೆಯ ಎಂಜಿನಿಯರುಗಳು ಬರೆದಿದ್ದು. ಪ್ರಾಕ್ ಒಳಗಿನ ಪ್ರೆಶರ್ ಫೋಲ್ಡರಲ್ಲಿ ಸಿಪಿಯು, ಮೆಮೊರಿ, ಐಓ ಅಂತ ಮೂರು ಫೈಲು, ಕಳೆದ 10, 60, 300 ಸೆಕೆಂಡಲ್ಲಿ ಕೆಲಸಗಳು ಎಷ್ಟು ಪರ್ಸೆಂಟ್ ಹೊತ್ತು ಸುಮ್ನೆ ಕಾಯ್ತಾ ಕೂತಿದ್ವು ಅಂತ ಹೇಳತ್ತೆ. ಸಮ್ ಅನ್ನೋ ಸಾಲು ಯಾರೋ ಕೆಲವರು ಕಾದಿದ್ದು, ಫುಲ್ ಅನ್ನೋದು ಓಡೋಕೆ ಯಾರೂ ಉಳಿಯದಷ್ಟು ಎಲ್ಲರೂ ಕಾದಿದ್ದು. ಇದರ ಬೆಲೆ ಗೊತ್ತಾಗ್ಬೇಕು ಅಂದ್ರೆ ಪಕ್ಕದಲ್ಲಿ ಫ್ರೀ ಕಮಾಂಡ್ ಓಡ್ಸಿ ನೋಡಿ. ಮಷೀನ್ ಉಸಿರು ಕಟ್ಟಿ ಒದ್ದಾಡ್ತಿರೋವಾಗ್ಲೂ ಅವೈಲಬಲ್ ಕಾಲಮಲ್ಲಿ ಒಂದು ಜಿಬಿ ಇದೆ ಅಂತ ತೋರ್ಸತ್ತೆ, ಯಾಕಂದ್ರೆ ಆ ಲೆಕ್ಕ ಪೇಜ್ ಕ್ಯಾಶಲ್ಲಿ ಡರ್ಟಿ ಯಾವ್ದು ಕ್ಲೀನ್ ಯಾವ್ದು ಅಂತ ಬೇರೆ ಮಾಡಲ್ಲ. ಮೆಮೊರಿ ಮುಗಿಯೋ ಮೊದ್ಲೇ ಪ್ರೋಗ್ರಾಮನ್ನ ಕೊಲ್ಲೋ ಅರ್ಲಿಓಓಎಂ ತರದ ಟೂಲು ಇಲ್ಲಿ ಸುಮ್ನೆ ಕೂತಿರೋದಕ್ಕೂ ಇದೇ ಕಾರಣ, ಅದು ನೋಡೋದು ಇದೇ ಅವೈಲಬಲ್ಲನ್ನ. ಅದೇ ಹೊತ್ತಲ್ಲಿ ಪಿಎಸ್‌ಐ ಐಓ ಫುಲ್ 90 ಹತ್ತಿರ, ಮೆಮೊರಿ ಫುಲ್ 70 ಹತ್ತಿರ. ಮೀಟರ್ ಅಂದ್ರೆ ಇದು.

ಒಂದು ಸ್ಟಾರ್ ಯಾಕೆ ಕಟ್ ಅಂದ್ರೆ ಪಿಎಸ್‌ಐ ಬರೀ ಫೈಲು, ಅದನ್ನ ಓದಿ ಬರೆದಿಡೋಕೆ ನೀವೇ ಸ್ಕ್ರಿಪ್ಟ್ ಓಡ್ಸ್ಬೇಕು, ಆ ಸ್ಕ್ರಿಪ್ಟೂ ಪ್ರೋಗ್ರಾಮೇ, ಅದರ ಕೋಡ್ ಪೇಜೂ ಆಚೆ ಹೋಗತ್ತೆ, ಅದೂ ಸಿಕ್ಕಾಕ್ಕೊಳತ್ತೆ. ಸೆಕೆಂಡಿಗೊಂದು ಸಾಲು ನೆಟ್‌ವರ್ಕಿಗೆ ಕಳ್ಸೋಕೆ ಇಟ್ಟಿದ್ದೆ, ನಡುವೆ ಹದಿನೈದು ಇಪ್ಪತ್ತು ಸೆಕೆಂಡ್ ಗ್ಯಾಪ್ ಬರ್ತಿತ್ತು. ಗ್ಯಾಪಿಂದಲೂ ವಿಷಯ ಗೊತ್ತಾಗತ್ತೆ ಬಿಡಿ. ಆದ್ರೆ ಅದೇ ಡಿಸ್ಕಿಗೆ ಮಾತ್ರ ಬರೀಬೇಡಿ, ರೋಗಿ ಕೈಲೇ ಕೇಸ್ ಶೀಟ್ ಬರೆಸೋದು ಅದು.

ರಿಪೇರಿ ಅಂತ ಮಾಡಿದ್ದು ಬಹಳ ಕಮ್ಮಿ. ರೇಶಿಯೋ ಬಿಟ್ಟು ಡರ್ಟಿ ಬೈಟ್ಸನ್ನ 48 ಎಂಬಿ, ಬ್ಯಾಕ್‌ಗ್ರೌಂಡ್ ಬೈಟ್ಸನ್ನ 16 ಎಂಬಿ ಮಾಡ್ದೆ, ಬೈಟ್ಸ್ ಬರೆದ ತಕ್ಷಣ ರೇಶಿಯೋ ತಾನೇ ಸೊನ್ನೆ ಆಗತ್ತೆ, ಗಾಬರಿ ಬೇಡ. 6 ಎಂಬಿ ಸ್ಪೀಡಲ್ಲಿ 48 ಎಂಬಿ ಅಂದ್ರೆ ಎಂಟು ಸೆಕೆಂಡ್, ವಾಚ್‌ಡಾಗಿಗೆ ಬೇಜಾನ್ ಟೈಮ್ ಇದೆ. ಕಾಪಿ ನಿಧಾನ ಆಗತ್ತಾ? ವಿಂಡೋಸ್ ಕಡೆ ಕಾಣೋ ಬಾರ್ ಶುರುವಲ್ಲಿ ಜುಂ ಅಂತ ಓಡೋದು ನಿಲ್ಲತ್ತೆ, ಅಷ್ಟೇ, ಡಿಸ್ಕ್ ಎಷ್ಟು ಬರೀಬೋದೋ ಅಷ್ಟೇ ಮೊದ್ಲೂ ಬರೀತಿತ್ತು, ಈಗ್ಲೂ ಬರೀತದೆ. ಸ್ಟುಡಿಯೋ ಓನರ್ ಮಾತ್ರ "ಮೊದ್ಲು ಸ್ಪೀಡ್ ಜಾಸ್ತಿ ತೋರಿಸ್ತಿತ್ತಲ್ಲ ಸಾರ್" ಅಂತ ಇನ್ನೂ ಅಂತಾರೆ, ತೋರಿಸ್ತಿತ್ತು ಸಾರ್, ಬರೀತಿರಲಿಲ್ಲ. ಇದರ ಮೇಲೆ ಸಾಂಬಾ ಸರ್ವೀಸಿಗೆ ಮೆಮೊರಿ ಹೈ (ಇದನ್ನ ದಾಟಿದ್ರೆ ನಿಧಾನ ಮಾಡೋ ಮಿತಿ) 600 ಎಂಬಿ ಹಾಕ್ದೆ.

ಈ ಮೆಮೊರಿ ಲಿಮಿಟ್ ಬಗ್ಗೆ ಸ್ವಲ್ಪ ನಿಂತು ಹೇಳ್ಬೇಕು, ಯಾಕಂದ್ರೆ ಲಿಮಿಟ್ ಹಾಕಿದ್ಮೇಲೇ ಕ್ರ್ಯಾಶ್ ಶುರು ಆಯ್ತು ಅನ್ನೋರು ಡಾಕರ್ ಬಳಗದಲ್ಲಿ ಬೇಕಾದಷ್ಟು ಜನ ಇದಾರೆ. ಸಿಗ್ರೂಪ್ (ಪ್ರೋಗ್ರಾಮುಗಳ ಗುಂಪಿಗೆ ಮಿತಿ ಹಾಕೋ ಕರ್ನಲ್ ಸೌಲಭ್ಯ) ಮೊದಲ ವರ್ಶನ್ನಲ್ಲಿ ಮೆಮೊರಿ ಲೆಕ್ಕ ಇಡೋನಿಗೂ ಡಿಸ್ಕ್ ಲೆಕ್ಕ ಇಡೋನಿಗೂ ಮಾತುಕತೆ ಇರಲಿಲ್ಲ. ಕಂಟೇನರಿಗೆ 512 ಎಂಬಿ ಲಿಮಿಟ್ ಹಾಕಿದೀರಿ, ಆದ್ರೆ ಡರ್ಟಿ ಪೇಜಿಗೆ ತಡೆ ಹಾಕೋದು ಇಡೀ ಮಷೀನಿನ ಲೆಕ್ಕದಲ್ಲಿ. 32 ಜಿಬಿ ಸರ್ವರಲ್ಲಿ 20 ಪರ್ಸೆಂಟ್ ಅಂದ್ರೆ ಹತ್ತತ್ರ 6 ಜಿಬಿ, ಅಲ್ಲಿಗೆ ಮುಟ್ಟೋ ಎಷ್ಟೋ ಮೊದ್ಲೇ ಕಂಟೇನರಿನ 512 ಎಂಬಿ ಪೂರ್ತಿ ಡರ್ಟಿ ಆಗಿ, ಬಿಡಿಸ್ಕೊಳ್ಳೋಕೆ ಏನೂ ಸಿಗದೆ, ಒಂದೋ ಸ್ಟಕ್ ಇಲ್ಲ ಓಓಎಂ. ಎರಡನೇ ವರ್ಶನ್ನಲ್ಲಿ ಇದನ್ನ ಸರಿ ಮಾಡಿದ್ರು, 2016ರ 4.5 ಕರ್ನಲ್ಲಲ್ಲಿ ಅಧಿಕೃತ ಆಯ್ತು, ಗುಂಪಿಗೊಂದು ಡರ್ಟಿ ಲೆಕ್ಕ ಬಂತು. ಫೆಡೋರಾ 2019ರಲ್ಲೇ 31ರಿಂದ, ಡೆಬಿಯನ್ 11ರಿಂದ, ಉಬುಂಟು 21.10ರಿಂದ ಇದನ್ನೇ ಡೀಫಾಲ್ಟ್ ಮಾಡಿದ್ವು. ಹಳೇ ಸೆಂಟ್‌ಓಎಸ್ 7 ಮೇಲೆ ಇನ್ನೂ ಡಾಕರ್ ಓಡ್ಸ್ತಿರೋರು ಇದ್ರೆ, ನಿಮ್ಮ ಕಾಯಿಲೆ ಹೆಸರು ಇದೇ ಇರೋ ಚಾನ್ಸ್ ಜಾಸ್ತಿ.

ಎರಡನೇ ವರ್ಶನ್ ಇದ್ರೂ ಮೆಮೊರಿ ಮ್ಯಾಕ್ಸ್ ಒಂದನ್ನೇ ಹಾಕಿ ಬಿಡೋದು ಒರಟು ಕೆಲಸ, ಅದು ಗೋಡೆ, ಡಿಕ್ಕಿ ಆದ್ರೆ ಕೊಲೆನೇ. ಮೆಮೊರಿ ಹೈ ಹಾಕಿದ್ರೆ ಮೊದ್ಲು ಕೈ ಹಿಡಿದು ನಿಧಾನ ಮಾಡತ್ತೆ. ತೀರಾ ಕಮ್ಮಿ ಇಟ್ರೆ ಕಾಪಿ ಆಮೆ ನಡಿಗೆ ಆಗತ್ತೆ, ಅದನ್ನ ಮೆಮೊರಿ ಈವೆಂಟ್ಸ್ ಫೈಲಲ್ಲಿ ಹೈ ಅನ್ನೋ ಅಂಕಿ ಹೇಗೆ ಏರ್ತಿದೆ ಅಂತ ನೋಡ್ಕೊಂಡು ಅಡ್ಜಸ್ಟ್ ಮಾಡಿ, ಓಓಎಂ ಕಿಲ್ ಅಂಕಿ ಸೊನ್ನೇಲೇ ಇರ್ಬೇಕು.

ವಾಚ್‌ಡಾಗನ್ನೇ ಆಫ್ ಮಾಡಿದ್ರೆ ಮುಗೀತಲ್ಲ ಅಂದೋರು ಇದಾರೆ. ಮಾಡ್ಬೋದು, ಮಷೀನ್ ನಲವತ್ತು ಸೆಕೆಂಡ್ ಒದ್ದಾಡಿ ಎದ್ದೇಳತ್ತೆ, ಆದ್ರೆ ನಿಜವಾಗ್ಲೂ ಸತ್ತ ದಿನ ಸ್ಟುಡಿಯೋದಲ್ಲಿ ಯಾರೂ ಇಲ್ದಿದ್ರೆ ಬೆಳಗ್ಗೆ ತನಕ ಸತ್ತೇ ಬಿದ್ದಿರತ್ತೆ. ನಾನು 30 ಇದ್ದಿದ್ದನ್ನ 3 ನಿಮಿಷ ಮಾಡಿ ಬಿಟ್ಟೆ.

ಕೆಡಂಪ್‌ಗೆ ನ್ಯಾಯ ಮಾಡ್ಬೇಕಾದ್ರೆ ಒಂದು ಉಪಾಯ ಹೇಳ್ತೀನಿ, ದೊಡ್ಡ ಮಷೀನಲ್ಲಿ ಇದೇ ತರ ಹ್ಯಾಂಗ್ ಇರೋರಿಗೆ ಕೆಲಸಕ್ಕೆ ಬರತ್ತೆ. ಹಾರ್ಡ್‌ವೇರ್ ವಾಚ್‌ಡಾಗ್ ಬದಲು ಸಾಫ್ಟ್‌ಡಾಗ್ ಮಾಡ್ಯೂಲ್ (ಕರ್ನಲ್ ಒಳಗಿನ ಸಾಫ್ಟ್‌ವೇರ್ ವಾಚ್‌ಡಾಗ್) ಹಾಕಿ, ಅದಕ್ಕೆ ಸಾಫ್ಟ್ ಪ್ಯಾನಿಕ್ 1 ಅಂತ ಕೊಟ್ರೆ ರೀಸೆಟ್ ಬದಲು ಪ್ಯಾನಿಕ್ ಮಾಡತ್ತೆ, ಆಗ ಕೆಡಂಪ್ ಎದ್ದೇಳತ್ತೆ, ಸಿಕ್ಕಾಕ್ಕೊಂಡ ಕ್ಷಣದ ಪೂರ್ತಿ ಚಿತ್ರ ಕೈಗೆ ಬರತ್ತೆ. ಹಂಗ್ ಟಾಸ್ಕ್ ಪ್ಯಾನಿಕ್ 1 ಮಾಡಿದ್ರೂ ಇದೇ ಪರಿಣಾಮ. ಹಾರ್ಡ್‌ವೇರ್ ವಾಚ್‌ಡಾಗ್ ಆನ್ ಇಟ್ಕೊಂಡೇ ಇದನ್ನ ಮಾಡೋಕೆ ಹೋದ್ರೆ ಎರಡನೇ ಕರ್ನಲ್ ಡಂಪ್ ಬರೀತಾ ಇರೋವಾಗ್ಲೇ ಚಿಪ್ಪು ರೀಸೆಟ್ ಹೊಡೆದು ಅರ್ಧ ಫೈಲ್ ಉಳಿಯೋದುಂಟು. ಡಿಸ್ಕ್ ಮೇಲೇ ಅನುಮಾನ ಇದ್ರೆ ಡಂಪನ್ನ ಎಸ್‌ಎಸ್‌ಎಚ್ ಅಥವಾ ಎನ್‌ಎಫ್‌ಎಸ್ ಮೂಲಕ ಬೇರೆ ಮಷೀನಿಗೆ ಕಳ್ಸೋ ಹಾಗೆ ಇಡಿ.

ಫ್ರೀಬಿಎಸ್‌ಡಿ (ಲಿನಕ್ಸ್ ತರದ್ದೇ ಇನ್ನೊಂದು ಓಎಸ್) ಅಭಿಮಾನಿಗಳು ಕಾಮೆಂಟಲ್ಲಿ ಬರೋ ಮೊದ್ಲೇ ಹೇಳ್ಬಿಡ್ತೀನಿ, ಅವರಲ್ಲಿ ಡಂಪಿಗೆ ರ‍್ಯಾಮ್ ಮೀಸಲಿಡೋ ಖರ್ಚಿಲ್ಲ, ಸತ್ತ ಕರ್ನಲ್ಲೇ ಸ್ವಾಪ್ ಪಾರ್ಟಿಶನ್ನಿಗೆ ಬರೆದು ಹೋಗತ್ತೆ, ಮುಂದಿನ ಬೂಟಲ್ಲಿ ಸೇವ್‌ಕೋರ್ ಅದನ್ನ ಎತ್ತಿಟ್ಕೊಳತ್ತೆ, ಕಮ್ಮಿ ರ‍್ಯಾಮಿಗೆ ಅದು ವಾಸಿ, ಒಪ್ಕೋತೀನಿ. ಆದ್ರೆ ಸ್ವಾಪೇ ಇಡದೆ ಇನ್‌ಸ್ಟಾಲ್ ಮಾಡಿರೋರಿಗೆ ಡಂಪ್ ಹೋಗೋಕೆ ಜಾಗ ಇರಲ್ಲ. 2008ರಲ್ಲಿ 7.0 ಜೊತೆ ಝಡ್‌ಎಫ್‌ಎಸ್ ಫೈಲ್‌ಸಿಸ್ಟಮ್ ಬಂದಾಗ ಸಣ್ಣ ಮಷೀನುಗಳಲ್ಲಿ ಜೋರಾಗಿ ಬರೆದ್ರೆ ಕೆಮೆಮ್ ಮ್ಯಾಪ್ ಟೂ ಸ್ಮಾಲ್ ಅಂತ ಪ್ಯಾನಿಕ್ ಆಗ್ತಿದ್ದದ್ದು ಅವರದ್ದೇ ಕಥೆ, ಲೋಡರ್ ಕಾನ್ಫಿಗಲ್ಲಿ ಕೆಮೆಮ್ ಸೈಜು, ಆರ್ಕ್ ಮ್ಯಾಕ್ಸ್ ಅಂತ ಕೈಯಲ್ಲೇ ಬರೆದು ಸುಮ್ನಾಗಿಸ್ತಿದ್ರು. ಅದು ಅಪ್ಪಟ ಪ್ಯಾನಿಕ್, ಡಂಪ್ ಹಿಡಿಯೋಕೆ ಹೇಳಿ ಮಾಡಿಸಿದ ಕೇಸು.

ಇನ್ನೊಂದು, ಡಂಪ್ ಸಿಕ್ಕಿದ್ಮೇಲೆ ಅದನ್ನ ಓದೋಕೆ ಕ್ರ್ಯಾಶ್ ಅನ್ನೋ ಟೂಲ್ ಬೇಕು, ಟೂಲ್ ಚಿಕ್ಕದು, ಆದ್ರೆ ಅದಕ್ಕೆ ನಿಮ್ಮ ಕರ್ನಲ್ಲಿನ ಅದೇ ವರ್ಶನ್ನಿನ ಡೀಬಗ್ ಸಿಂಬಲ್ ಪ್ಯಾಕೇಜ್ ಬೇಕು, ಅದು ನೂರಾರು ಎಂಬಿ, ವರ್ಶನ್ ಒಂದಂಕಿ ಆಚೀಚೆ ಆದ್ರೂ ನಡೆಯಲ್ಲ. ಒಳಗೆ ಹೋದ್ಮೇಲೆ ಲಾಗ್, ಬಿಟಿ, ಕೆಮೆಮ್ ಮೈನಸ್ ಐ ಇವು ಮೂರರಲ್ಲೇ ಮುಕ್ಕಾಲು ಕೆಲಸ ಆಗತ್ತೆ. ಆ ಪ್ಯಾಕೇಜನ್ನ 2 ಜಿಬಿ ಡಬ್ಬಾ ಮೇಲೆ ಇನ್‌ಸ್ಟಾಲ್ ಮಾಡೋಕೆ ಹೋಗ್ಬೇಡಿ, ಡಂಪನ್ನ ಪೆನ್ ಡ್ರೈವಲ್ಲಿ ಹಾಕ್ಕೊಂಡು ಮನೆ ಲ್ಯಾಪ್‌ಟಾಪಲ್ಲಿ ತೆಗೀರಿ.